ಭೇಟಿ ನೂರಕ್ಕೆ ನೂರು, ಪರೀಕ್ಷೆ ಅರ್ಧ: ಸಂಘಗಳ ಎಚ್‌ಐವಿ ತಡೆ ಕೆಲಸ ಎಲ್ಲಿ ಸೋರುತ್ತಿದೆ?

ಮಲಪ್ರಭಾ:
ಲೈಂಗಿಕ ವೃತ್ತಿಯಲ್ಲಿರುವ ಮಹಿಳೆಯರೇ ನಡೆಸುವ ಸಂಘವೊಂದರ ಲೆಕ್ಕ ಇಲ್ಲಿಡುತ್ತೇನೆ, ಗೊತ್ತಿದ್ದವರು ಹೇಳಿ. ನೋಂದಾಯಿತರು 600. ಪೀರ್‌ಗಳು (ಅದೇ ವೃತ್ತಿಯಲ್ಲಿದ್ದು ಉಳಿದವರನ್ನು ಭೇಟಿ ಮಾಡುವ ಕಾರ್ಯಕರ್ತೆಯರು) 10, ಅಂದರೆ ಒಬ್ಬೊಬ್ಬರ ಪಾಲಿಗೆ 60 ಜನ. ತಿಂಗಳಿಗೆ ಎರಡೆರಡು ಭೇಟಿ ಆಗಿದೆ ಎಂದು ಡೈರಿಯಲ್ಲಿದೆ. ಆದರೆ ಆರು ತಿಂಗಳಿಗೊಮ್ಮೆ ಆಗಬೇಕಾದ ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಅರ್ಧ ಜನಕ್ಕೂ ಆಗಿಲ್ಲ. ಲೆಕ್ಕದ ವರ್ಷ ಮುಗಿಯುವ ಮಾರ್ಚ್ ಹತ್ತಿರ ಬಂದರೆ ಶಿಬಿರದ ಮೇಲೆ ಶಿಬಿರ. ಪೀರ್‌ಗಳನ್ನೇ ಬದಲಿಸಿ ಎಂಬ ಮಾತೂ ಎದ್ದಿದೆ. ತಪ್ಪು ಎಲ್ಲಿದೆ?

ಲೆಕ್ಕಪಟ್ಟಿ:
ಪೀರ್‌ಗಳನ್ನು ಮುಟ್ಟಬೇಡಿ, ಮೊದಲು ಲೆಕ್ಕ ಹಿಡಿಯುವ ರೀತಿ ಬದಲಿಸಿ. ನೀವು ಭೇಟಿ ಎಣಿಸುತ್ತಿದ್ದೀರಿ, ಎಣಿಸಬೇಕಾದ್ದು ಮನುಷ್ಯರನ್ನು. ಬಸ್ ಸ್ಟ್ಯಾಂಡ್ ಹತ್ತಿರ ಸುಲಭವಾಗಿ ಸಿಗುವ 20 ಜನರನ್ನು ತಿಂಗಳಿಗೆ ಆರು ಸಲ ಮಾತಾಡಿಸಿದರೆ 120 ಭೇಟಿ ಆಗಿಬಿಡುತ್ತದೆ, 60 ಜನರ ಗುರಿ ಮುಟ್ಟಿದಂತೆ ಕಾಣುತ್ತದೆ. ಉಳಿದ 40 ಜನರ ಮುಖ ಯಾರೂ ನೋಡಿರುವುದಿಲ್ಲ. ಪ್ರತಿ ಪೀರ್ ಹತ್ತಿರ ಒಂದೇ ಪಟ್ಟಿ ಕೇಳಿ: ಕಳೆದ ಮೂರು ತಿಂಗಳಲ್ಲಿ ಒಮ್ಮೆಯೂ ಸಿಗದವರು ಯಾರು? ಕೆಲಸ ಶುರುವಾಗಬೇಕಾದ್ದು ಆ ಪಟ್ಟಿಯಿಂದ.

ಪರೀಕ್ಷೆಗೂ ಅದೇ ಮಾತು. 600 ಜನಕ್ಕೆ ವರ್ಷಕ್ಕೆ ಎರಡು ಸಲ ಅಂದರೆ 1200, ತಿಂಗಳಿಗೆ 100. ಒಬ್ಬ ಪೀರ್ ಪಾಲಿಗೆ ತಿಂಗಳಿಗೆ 10, ವಾರಕ್ಕೆ ಎರಡೋ ಮೂರೋ. ಅಷ್ಟನ್ನು ಒಬ್ಬಳು ನಿಭಾಯಿಸಬಲ್ಲಳು. ಇದನ್ನೇ ಮಾರ್ಚ್‌ಗೆ ಒಟ್ಟು ಮಾಡಿದರೆ ಯಾರಿಂದಲೂ ಆಗದು. ಸೋಮವಾರ ಬೆಳಿಗ್ಗೆ ಆ ವಾರ ಬಾಕಿ ಇರುವವರ ಗುರುತಿನ ಸಂಖ್ಯೆ ಪೀರ್ ಕೈಗೆ ಸಿಗಲಿ. ಶನಿವಾರ ಆಕೆ, ಪೀರ್‌ಗಳ ಕೆಲಸ ನೋಡಿಕೊಳ್ಳುವ ಔಟ್‌ರೀಚ್ ವರ್ಕರ್ ಜೊತೆ ಕೂತು ಆಗದ್ದಕ್ಕೆ ಕಾರಣ ಹೇಳಲಿ: ಊರಲ್ಲಿಲ್ಲ, ಮನೆಯಲ್ಲಿ ಗಂಡ ಇದ್ದ, ಆಸ್ಪತ್ರೆಯ ಸಮಯ ಹೊಂದಲಿಲ್ಲ, ಬೇಡ ಎಂದಳು. ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. ಎಲ್ಲದಕ್ಕೂ ಶಿಬಿರವೊಂದೇ ಉತ್ತರ ಎಂದುಕೊಂಡಲ್ಲೇ ಎಡವುತ್ತಿರುವುದು.

ಬನದ ಹುಣ್ಣಿಮೆ:
ಲೆಕ್ಕ ಖರೇ ಅದ ರೀ, ಆದ್ರ ನಮ್ಮ ಕಡೆ ಅದಷ್ಟೇ ಸಾಲಂಗಿಲ್ಲ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಹಳ್ಳಿಗಳಾಗ ಹೆಣ್ಮಕ್ಕಳು ರಸ್ತೇಲಿ ನಿಂದ್ರಂಗಿಲ್ಲ, ಮನ್ಯಾಗ ಇರ್ತಾರ. ಅರ್ಧ ವರ್ಷ ಸಾಂಗ್ಲಿ, ಪುಣೆ, ಮುಂಬೈ, ಗೋವಾ. ಡೈರಿಯೊಳಗ "ಸಿಗಲಿಲ್ಲ" ಅಂತ ಬರದು ಮೂರು ತಿಂಗಳಿಗೆ ಹೆಸರು ಹೊಡದು ಹಾಕ್ತಾರ. ಆಕಿ ಕಳದು ಹೋಗಿಲ್ರೀ, ದುಡಿಯಾಕ ಹೋಗ್ಯಾಳ. ಯಾವ ತಿಂಗಳು ಬರ್ತಾಳ ಅನ್ನೋದನ್ನ ಪಟ್ಟಿಯೊಳಗ ಬರೀರಿ. ಬನದ ಹುಣ್ಣಿಮಿ, ಭಾರತ ಹುಣ್ಣಿಮಿಗೆ ಸವದತ್ತಿ ಎಲ್ಲಮ್ಮನ ಜಾತ್ರಿ, ಆಮ್ಯಾಲ ಯುಗಾದಿ: ಆ ದಿನಗಳಿಗೆ ಊರು ಮುಟ್ಟೋರು ಭಾಳ. ಪರೀಕ್ಷೆ, ಮೂರು ತಿಂಗಳಿಗೊಮ್ಮಿ ಆಗಬೇಕಾದ ಆರೋಗ್ಯ ತಪಾಸಣೆ ಎರಡೂ ಆ ವಾರಕ್ಕ ಕೂಡಿಸ್ರಿ. ಸೋಂಕಿದ್ದಾಕಿ ವಾಪಸ್ ಹೊಂಟರ ಎಚ್‌ಐವಿ ಗುಳಿಗಿ ಕೊಡೋ ಎಆರ್‌ಟಿ ಕೇಂದ್ರದಾಗ ಮೊದಲ ಹೇಳಿ ಹೆಚ್ಚಿನ ತಿಂಗಳ ಗುಳಿಗಿ ಕೇಳಬೇಕು, ಇಲ್ಲಾ ಹೋಗೋ ಊರಿನ ಕೇಂದ್ರಕ್ಕ ಚೀಟಿ ಬರೆಸಬೇಕು. ಗುಳಿಗಿ ನಡುವ ನಿಂತ್ರ ಮುಂಚಿನ ಶ್ರಮ ಎಲ್ಲಾ ನೀರಾಗ ಹೋಗತೈತಿ.

ಕೈದೀಪ:
ಇಬ್ಬರೂ ಜಾಗ ಹಿಡಿದು ಮಾತಾಡುತ್ತಿದ್ದೀರಿ. ದೊಡ್ಡ ಊರುಗಳಲ್ಲಿ ಈಗ ಹಾಟ್‌ಸ್ಪಾಟ್ (ಗಿರಾಕಿ ಸಿಗುವ ಜಾಗಗಳ) ನಕ್ಷೆಯೇ ಹಳತಾಗಿದೆ. ಗಿರಾಕಿ ಗೊತ್ತಾಗುವುದು ಫೋನಿನಲ್ಲಿ, ಜಾಗ ದಿನಕ್ಕೊಂದು. ಸಂಘ ಎಂದೂ ಕಾಣದ ಹೊಸಬರು, ಅದರಲ್ಲೂ 25 ದಾಟದವರು, ಫೋನಿನ ಬಲೆಯಲ್ಲೇ ಇದ್ದಾರೆ. ಅಪಾಯ ಹೆಚ್ಚು ಇರುವುದೂ ವೃತ್ತಿಗೆ ಬಂದ ಮೊದಲ ತಿಂಗಳುಗಳಲ್ಲೇ: ಕಾಂಡೋಮ್ ಬಗ್ಗೆ ಜೋರು ಮಾಡುವಷ್ಟು ಧೈರ್ಯ ಇರುವುದಿಲ್ಲ, ಪರೀಕ್ಷೆ ಎಲ್ಲಿ ಎಂದು ತಿಳಿದಿರುವುದಿಲ್ಲ. ಬೀದಿಗೊಬ್ಬ ಪೀರ್ ಎನ್ನುವ ಬದಲು ಗೆಳೆತನದ ಸರಪಳಿಗೊಬ್ಬ ಪೀರ್ ಬೇಕು. ಹತ್ತರಲ್ಲಿ ಮೂವರನ್ನಾದರೂ ಫೋನಿನಲ್ಲೇ ಕೆಲಸ ಮಾಡುವವರಲ್ಲಿ ಆರಿಸಿ.

ಲೆಕ್ಕಪಟ್ಟಿ:
ಒಪ್ಪುತ್ತೇನೆ, ಆದರೆ ಒಂದು ಅಪಾಯ ಮರೆಯಬೇಡಿ. ಪೀರ್ ಫೋನಿನಲ್ಲಿ 60 ನಂಬರ್, ಪ್ರತಿ ಹೆಸರಿನ ಮುಂದೆ ಸಂಘದ ಗುರುತು. ಆ ಫೋನ್ ಕಳೆದರೆ 60 ಮನೆ ಬೀದಿಗೆ ಬರುತ್ತದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿನ ದಾಖಲೆ ಇಟ್ಟುಕೊಂಡವರು ಅದನ್ನು ಕಾಪಾಡಲೇಬೇಕೆಂದು ಅದು ವಿಧಿಸುತ್ತದೆ. ಹೆಸರು ಒಂದು ಪುಸ್ತಕದಲ್ಲಿ, ಸಂಖ್ಯೆ ಇನ್ನೊಂದರಲ್ಲಿ, ಎರಡೂ ಬೇರೆ ಬೇರೆ ಬೀಗದಲ್ಲಿ ಇರಲಿ. "ನಿಮ್ಮ ಪರೀಕ್ಷೆ ಬಾಕಿ ಇದೆ" ಎಂಬ ಸಂದೇಶ ಕಳಿಸಲೇಬೇಡಿ, ಫೋನನ್ನು ಮಗನೋ ಅತ್ತೆಯೋ ನೋಡುತ್ತಾರೆ. ಯಾವ ಮಾತು ಬರೆದರೆ ಏನರ್ಥ ಎಂದು ಆಕೆಯ ಜೊತೆ ಮೊದಲೇ ಗೊತ್ತು ಮಾಡಿಕೊಳ್ಳಿ. ವಾಟ್ಸ್‌ಆ್ಯಪ್ ಗುಂಪು ಬೇಡವೇ ಬೇಡ, ಒಬ್ಬಳ ನಂಬರ್ ಎಲ್ಲರಿಗೂ ಕಾಣುತ್ತದೆ.

ಲ್ಯಾಬ್ ಮೇಜು:
ಪರೀಕ್ಷೆಯ ಕಡೆಯಿಂದ ನೋಡಿದರೆ ಸೋರಿಕೆ ಬೇರೆಡೆಯೂ ಇದೆ. ಬೆರಳ ತುದಿಯ ರಕ್ತದಿಂದ ಸಂಘದಲ್ಲೇ ಮಾಡುವುದು ಒಂದೇ ಕಿಟ್‌ನ ಪ್ರಾಥಮಿಕ ತಪಾಸಣೆ. ಕಿಟ್‌ನಲ್ಲಿ ಸೋಂಕಿನ ಗೆರೆ ಬಂದರೆ "ರಿಯಾಕ್ಟಿವ್" (ಸೋಂಕಿನ ಶಂಕೆ ಇದೆ) ಎನ್ನಬೇಕು, "ಪಾಸಿಟಿವ್" ಎನ್ನಬಾರದು. ಐಸಿಟಿಸಿಯಲ್ಲಿ (ಸರ್ಕಾರದ ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ಖಚಿತವಾದ ಮೇಲಷ್ಟೇ ಫಲಿತಾಂಶ. ಈ ಎರಡರ ನಡುವೆ ಬಹಳ ಜನ ಕೈತಪ್ಪುತ್ತಾರೆ. ಚೀಟಿ ಕೊಟ್ಟು "ನಾಳೆ ಹೋಗಿ" ಎಂದರೆ ಆ ನಾಳೆ ಬರುವುದೇ ಇಲ್ಲ. ಆಕೆ ಒಪ್ಪಿದರೆ ಅದೇ ದಿನ ಪೀರ್ ಜೊತೆಗೆ ಹೋಗಬೇಕು, ಆಟೋ ಬಾಡಿಗೆಗೆ ಬಜೆಟ್‌ನಲ್ಲಿ ಮೊದಲೇ ಹಣ ತೆಗೆದಿಟ್ಟಿರಬೇಕು. ಐಸಿಟಿಸಿ ಮಧ್ಯಾಹ್ನದ ಮೇಲೆ ರಕ್ತ ತೆಗೆಯದಿದ್ದರೆ ನಿಮ್ಮ ತಪಾಸಣೆ ಬೆಳಿಗ್ಗೆಯೇ ಇರಲಿ.

ಕಿಟ್‌ಗಳನ್ನು ಬ್ಯಾಗಿನಲ್ಲಿ ಹಾಕಿ ಬಿಸಿಲಿನ ಸ್ಕೂಟರ್ ಡಿಕ್ಕಿಯಲ್ಲಿ ಇಡಬೇಡಿ, ಪೊಟ್ಟಣದ ಮೇಲೆ ಬರೆದ ಉಷ್ಣತೆ ಮೀರಿದರೆ ಫಲಿತಾಂಶ ನಂಬುವಂತಿಲ್ಲ. ಗೆರೆ ನೋಡುವುದಕ್ಕೂ ಹೊತ್ತಿದೆ. ಶಿಬಿರದ ಗದ್ದಲದಲ್ಲಿ ಸಮಯ ಮೀರಿ ನೋಡಿದರೆ ಇಲ್ಲದ ಗೆರೆಯೂ ಕಾಣುತ್ತದೆ. ಎಚ್‌ಐವಿ ಜೊತೆ ಸಿಫಿಲಿಸ್ ತಪಾಸಣೆಯನ್ನೂ ಅದೇ ಕೂತಲ್ಲಿ ಮುಗಿಸಿ, ಎರಡನೇ ಸಲ ಕರೆದರೆ ಬರುವವರು ಕಡಿಮೆ.

ಇನ್ನೊಂದು, ಗುರಿ ಮುಟ್ಟಲು ಎರಡು ತಿಂಗಳ ಹಿಂದೆ ಪರೀಕ್ಷೆ ಆದವರನ್ನೇ ಮತ್ತೆ ಕೂರಿಸುವುದು ನಡೆಯುತ್ತದೆ. ಸಂಖ್ಯೆ ಏರುತ್ತದೆ, ಹೊಸ ಸೋಂಕು ಒಂದೂ ಸಿಗುವುದಿಲ್ಲ.

ಕೈದೀಪ:
ಅದಕ್ಕೇ ಗುರಿಯನ್ನೇ ತೆಗೆಯಬೇಕು ಎನ್ನುವುದು. ಗುರಿ ಇದ್ದಲ್ಲಿ ಒತ್ತಾಯ ಬರುತ್ತದೆ. ತಿಳಿಸಿ ಹೇಳಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. "ಪರೀಕ್ಷೆ ಮಾಡಿಸಿಕೊಂಡರೆ ಮಾತ್ರ ಕಾಂಡೋಮ್" ಎನ್ನುವುದು ಒಪ್ಪಿಗೆ ಅಲ್ಲ.

ಲೆಕ್ಕಪಟ್ಟಿ:
ಷರತ್ತು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗುರಿಯೇ ಇಲ್ಲದಿದ್ದರೆ ಸಿಗದ 40 ಜನರನ್ನು ಹುಡುಕುವವರು ಯಾರು? ಗುರಿಯ ಜಾಗ ಬದಲಿಸೋಣ. ಬಾಕಿ ಇದ್ದ ಎಲ್ಲರಿಗೂ ಕೇಳಿದ್ದೀರಾ, ಬೇಡ ಎಂದವರ ಕಾರಣ ಬರೆದಿದ್ದೀರಾ, ರಿಯಾಕ್ಟಿವ್ ಬಂದ ಪ್ರತಿಯೊಬ್ಬರೂ ಐಸಿಟಿಸಿ ಮುಟ್ಟಿದರಾ: ಪೀರ್ ಇದಕ್ಕೆ ಉತ್ತರ ಕೊಡಲಿ. ಎಷ್ಟು ಜನ ಪರೀಕ್ಷೆಗೆ ಕೈಚಾಚಿದರು ಎಂಬುದಕ್ಕೆ ಆಕೆಯ ಗೌರವಧನ ಕಟ್ಟಿಹಾಕಬೇಡಿ.

ಕಾಂಡೋಮ್ ವಿಷಯವೂ ಇಲ್ಲಿ ಬರುತ್ತದೆ. ಎಲ್ಲರಿಗೂ ತಿಂಗಳಿಗೆ 20 ಎಂದು ಹಂಚುವುದು ಸರಿಯಲ್ಲ. ವಾರಕ್ಕೆ 3 ಗಿರಾಕಿ ಇರುವಾಕೆಗೆ ಅದು ಹೆಚ್ಚು, 15 ಇರುವಾಕೆಗೆ ಹತ್ತು ದಿನಕ್ಕೂ ಸಾಲದು. ವಾರದ ಸಂಖ್ಯೆಯನ್ನು ನಾಲ್ಕೂವರೆಯಿಂದ ಗುಣಿಸಿ, ಹರಿದು ಹೋಗುವುದಕ್ಕೆ ನೂರಕ್ಕೆ ಹತ್ತು ಸೇರಿಸಿ, ಲಾಡ್ಜ್‌ನಲ್ಲೋ ಅಂಗಡಿಯಲ್ಲೋ ಸಿಗುವುದನ್ನು ಕಳೆಯಿರಿ. ವಾರಕ್ಕೆ 15 ಇದ್ದರೆ 74ರ ಹತ್ತಿರ ಬರುತ್ತದೆ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಿದರೆ ರಬ್ಬರ್ ಸಡಿಲವಾಗಿ ಹರಿಯುತ್ತದೆ, ನೀರಿನಂಶದ ಜೆಲ್ ಮಾತ್ರ ಎಂದು ಪೀರ್ ಪ್ರತಿ ಸಲ ಹೇಳಬೇಕು.

ಬನದ ಹುಣ್ಣಿಮೆ:
ಕಾಂಡೋಮ್ ಚೀಲದಾಗ ಇದ್ರ ಪೊಲೀಸ್ರು ಹಿಡೀತಾರ ಅನ್ನೋ ಹೆದರಿಕಿ ಇರೋತನಕ 74 ಕೊಟ್ರೂ ಆಕಿ ಒಯ್ಯಂಗಿಲ್ರೀ. ಕಾಯ್ದೆಯ 22ನೇ ಕಲಂ ತಡೆ ಕೆಲಸಕ್ಕ ರಕ್ಷಣೆ ಕೊಟ್ಟೈತಿ. 2022ರ ಮೇ 19ರ ಸುಪ್ರೀಂ ಕೋರ್ಟ್ ಆದೇಶದಾಗೂ ಕಾಂಡೋಮ್ ಅಪರಾಧಕ್ಕ ಸಾಕ್ಷಿ ಆಗಬಾರದು ಅಂತ ಐತಿ. ಆ ಎರಡು ಪುಟ ಕನ್ನಡದಾಗ ಮಾಡಿ ಪೀರ್ ಕೈಗೆ ಕೊಡ್ರಿ, ಒಂದು ಪ್ರತಿ ಠಾಣೆಗೂ ಮುಟ್ಟಿಸ್ರಿ. ತೊಂದರಿ ಆದ ರಾತ್ರಿ ಫೋನ್ ಎತ್ತೋರು ಯಾರು, ವಕೀಲರು ಯಾರು ಅಂತ ಮೊದಲ ಗೊತ್ತಿರಬೇಕು. ಠಾಣೆಯಿಂದ ಬಿಡಿಸಿಕೊಂಡು ಬಂದ ಸಂಘದ ಮಾತನ್ನ ಹೆಣ್ಮಕ್ಕಳು ಕೇಳ್ತಾರ. ಗುರುತಿನ ಚೀಟಿ ಮ್ಯಾಲ ಮಾತ್ರ "ಎಚ್‌ಐವಿ" ಅಂತ ಅಚ್ಚು ಹಾಕಬ್ಯಾಡ್ರಿ.

ಮಲಪ್ರಭಾ:
ಎಲ್ಲರಿಗೂ ಉಪಕಾರ. ಸೋಮವಾರದ ಬಾಕಿ ಪಟ್ಟಿ, ವಲಸೆಯ ತಿಂಗಳು, ಆಟೋ ಬಾಡಿಗೆ, ಮೂರನ್ನೂ ಕಾರ್ಯಕಾರಿ ಸಮಿತಿಯ ಮುಂದೆ ಇಡುತ್ತೇನೆ. ಇನ್ನೊಂದು ಪ್ರಶ್ನೆ: ಗಿರಾಕಿಗಳ ಜೊತೆ ಕಾಂಡೋಮ್ ಬಿಡದವರೂ ಮನೆಯ ಸಂಗಾತಿ ಜೊತೆ ಬಳಸುವುದಿಲ್ಲ. ಇದಕ್ಕೇನು?

ಲ್ಯಾಬ್ ಮೇಜು:
ಇದು ಹಳೆಯ ಗಂಟು ಮೇಡಂ. ಮೈಸೂರಿನಲ್ಲಿ ಲೈಂಗಿಕ ವೃತ್ತಿಯವರದೇ ಸಂಘವಾದ ಆಶೋದಯ ಸಮಿತಿ ಬೆಳೆದ ಕಾಲದಲ್ಲಿ, 2004 ಮತ್ತು 2006ರಲ್ಲಿ ಸಮೀಕ್ಷೆ ಆಯಿತು. ಬಂದು ಹೋಗುವ ಗಿರಾಕಿಗಳ ಜೊತೆ ಕಾಂಡೋಮ್ ಬಳಕೆ ಶೇ 65ರಿಂದ 90ಕ್ಕೆ ಏರಿತ್ತು. ಕಾಯಂ ಸಂಗಾತಿ ಜೊತೆ ಶೇ 7ರಿಂದ 30ಕ್ಕೆ ಮಾತ್ರ. ಅಲ್ಲಿ ಕಾಂಡೋಮ್ ಕೇಳಿದರೆ ನಂಬಿಕೆಯ ಪ್ರಶ್ನೆ ಏಳುತ್ತದೆ. ಹಾಗಾಗಿ ಆಕೆ ಒಪ್ಪಿದರೆ ಸಂಗಾತಿಯನ್ನೂ ಪರೀಕ್ಷೆಗೆ ಕರೆಯಿರಿ. "ಗಂಡ ಹೆಂಡತಿ ಆರೋಗ್ಯ ತಪಾಸಣೆ" ಎಂದೇ ಕರೆಯಿರಿ, ಫಲಿತಾಂಶ ಒಬ್ಬೊಬ್ಬರಿಗೇ ಹೇಳಿ. ಸೋಂಕು ಇರುವವರು ದಿನಾ ಮಾತ್ರೆ ತೆಗೆದುಕೊಂಡು ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಹರಡುವುದಿಲ್ಲ. ಮಾತ್ರೆ ಶುರುವಾದ ಆರನೇ ತಿಂಗಳ ವೈರಲ್ ಲೋಡ್ ಪರೀಕ್ಷೆಯನ್ನು ನಿಮ್ಮ ಬಾಕಿ ಪಟ್ಟಿಗೆ ಸೇರಿಸಬೇಕಾದ್ದು ಇದಕ್ಕೇ. ಸೋಂಕಿಲ್ಲದಾಕೆಗೆ, ಎಚ್‌ಐವಿ ತಗಲದಂತೆ ಮೊದಲೇ ತೆಗೆದುಕೊಳ್ಳುವ ಪ್ರೆಪ್ ಮಾತ್ರೆ ಒಂದು ದಾರಿ. ಶುರುವಿಗೆ ಮುಂಚೆ ಎಚ್‌ಐವಿ ಇಲ್ಲವೆಂದು ಖಚಿತವಾಗಬೇಕು, ಮೂತ್ರಪಿಂಡ ಸರಿಯಿದೆಯೇ ಎಂದು ಕ್ರಿಯಾಟಿನಿನ್ ನೋಡಬೇಕು. ಅದು ಸಿಫಿಲಿಸ್, ಗೊನೊರಿಯಾ ತಡೆಯುವುದಿಲ್ಲ, ಆರೋಗ್ಯ ತಪಾಸಣೆ ಮೂರು ತಿಂಗಳಿಗೊಮ್ಮೆ ನಡೆಯಲೇಬೇಕು.