ಅಪ್‌ಡೇಟ್: ಅಮ್ಮನ ಶ್ವಾಸನಾಳದ ಆಪರೇಷನ್ ಆಯ್ತು

ಥೈರಾಯ್ಡ್ ಕ್ಯಾನ್ಸರ್ ಅಮ್ಮನ ಶ್ವಾಸನಾಳಕ್ಕೂ ಹಬ್ಬಿದೆ, ಗಡ್ಡೆಯನ್ನು ಮೇಲಿಂದ ಹೆರೆದು ತೆಗೆದರೆ ಸಾಕಾ, ನಾಳವನ್ನೇ ಕತ್ತರಿಸಬೇಕಾ ಅಂತ ಕೇಳಿದ್ದೆನಲ್ಲ, ಆಪರೇಷನ್ ಮುಗೀತು. ಬ್ರಾಂಕೋಸ್ಕೋಪಿಯಲ್ಲಿ (ಕ್ಯಾಮೆರಾ ಇರೋ ಕೊಳವೆ ಇಳಿಸಿ ಶ್ವಾಸನಾಳದ ಒಳಗೆ ನೋಡೋದು) ಗಡ್ಡೆ ನಾಳದ ಒಳಗೇ ಬಂದಿರೋದು ಕಂಡಿತು, ಹಾಗಾಗಿ ಹೆರೆಯೋ ಮಾತೇ ಬರಲಿಲ್ಲ. ಥೈರಾಯ್ಡ್ ಪೂರ್ತಿ ತೆಗೆದು, ನಾಳದ ಗೋಡೆಯಲ್ಲಿರೋ ಮೃದು ಎಲುಬಿನ ಉಂಗುರಗಳಲ್ಲಿ ನಾಲ್ಕರಷ್ಟು ಭಾಗ ಕತ್ತರಿಸಿ ತೆಗೆದು, ಎರಡೂ ತುದಿ ಸೇರಿಸಿ ಹೊಲಿದಿದ್ದಾರೆ. ಹೊಲಿಗೆ ಜಗ್ಗಬಾರದು ಅಂತ ಗದ್ದವನ್ನು ಎದೆಗೆ ದಾರ ಹಾಕಿ ಕಟ್ಟಿದ್ರು! ದಾರ ಬಿಚ್ಚೋವರೆಗೂ ಅಮ್ಮ ಹಸೆಮಣೆ ಮೇಲಿನ ಮದುಮಗಳ ಹಾಗೆ ತಲೆ ತಗ್ಗಿಸಿಯೇ ಕೂತಿದ್ರು. ಉಸಿರಾಡೋಕೆ ಕುತ್ತಿಗೆಯಲ್ಲಿ ಶಾಶ್ವತ ತೂತು ಬೇಕಾಗಲಿಲ್ಲ, ಅದೇ ದೊಡ್ಡ ಸಮಾಧಾನ. ಒಂದು ಕಡೆಯ ಧ್ವನಿ ನರ ಮೊದಲೇ ಹೋಗಿತ್ತು, ದನಿ ಇನ್ನೂ ಗೊಗ್ಗರು. ಕ್ಯಾಲ್ಸಿಯಂ ಇಳಿದು ಬೆರಳು ಜುಮ್ಮೆನ್ನುತ್ತಿತ್ತು, ಮಾತ್ರೆ ನಡೀತಿದೆ. ಮುಂದೆ ರೇಡಿಯೋ ಅಯೋಡಿನ್, ಅಂದ್ರೆ ಉಳಿದ ಥೈರಾಯ್ಡ್ ಕ್ಯಾನ್ಸರ್ ಕಣಗಳನ್ನು ಸಾಯಿಸೋಕೆ ವಿಕಿರಣ ಸೂಸೋ ಅಯೋಡಿನ್ ಕೊಡೋ ಚಿಕಿತ್ಸೆ. ಅದಕ್ಕೆ ಮುಂಚೆ ಅಯೋಡಿನ್ ಉಪ್ಪು ಬಿಡಬೇಕಂತೆ. ಅಯೋಡಿನ್ ಸೇರಿಸದ ಉಪ್ಪು ಎಲ್ಲಿ ಸಿಗುತ್ತೆ, ಗೊತ್ತಿದ್ದವರು ತಿಳಿಸಿ.