‘ಯಾಂತ್ರಿಕ ದೂರದರ್ಶನ’ ಅನ್ನಬಹುದಾ? ಜೊತೆಗೆ ‘ಸ್ಕ್ಯಾನ್’ಗೆ ಒಂದು ಕನ್ನಡ ಕ್ರಿಯಾಪದ ಬೇಕು

ಗೆಳೆಯರೇ, ನಮಸ್ಕಾರ.

ಟಿ.ವಿ. ಹುಟ್ಟಿದ ಬಗೆಯನ್ನು ಹೈಸ್ಕೂಲು ಮಕ್ಕಳಿಗಾಗಿ ನಾಲ್ಕು ಪುಟದಲ್ಲಿ ಬರೆಯುತ್ತಿದ್ದೇನೆ. ಪಿಕ್ಚರ್ ಟ್ಯೂಬು ಮನೆಮನೆಗೆ ಬರುವ ಮುಂಚಿನ ಕತೆ ಅದು. ಒಂದು ಮೋಟಾರು, ತೂತು ಕೊರೆದ ತಟ್ಟೆ, ಒಂದು ನಿಯಾನ್ ದೀಪ ಇಟ್ಟುಕೊಂಡು ಚಿತ್ರ ಮೂಡಿಸುತ್ತಿದ್ದ ಕಾಲ. ತಲೆಬರಹಕ್ಕೆ ‘ಯಾಂತ್ರಿಕ ದೂರದರ್ಶನ’ ಅಂತ ಸುಮ್ನೆ ಬರೆದುಬಿಟ್ಟಿದ್ದೆ. ಕರಡು ಓದಿದ ಅಣ್ಣನ ಮಗಳು, “ಅತ್ತೆ, ಯಾಂತ್ರಿಕ ಅಂದ್ರೆ ಬೋರು ಹೊಡೆಸೋ ಟಿ.ವಿ.ನಾ?” ಅಂದಳು.

ತಪ್ಪು ಅವಳದಲ್ಲ. ‘ಯಾಂತ್ರಿಕ ಬದುಕು’, ‘ಯಾಂತ್ರಿಕವಾಗಿ ತಲೆಯಾಡಿಸಿದ’ ಅಂತೆಲ್ಲ ಬರೆದೂ ಬರೆದೂ ಆ ಪದಕ್ಕೆ ‘ಮನಸ್ಸಿಲ್ಲದೆ ಮಾಡಿದ್ದು’ ಅನ್ನುವ ಅರ್ಥವೇ ಅಂಟಿಕೊಂಡಿದೆ. ಇನ್ನೊಂದು ತೊಡಕೂ ಇದೆ. ನಮ್ಮ ‘ಯಂತ್ರ’ಕ್ಕೆ ತಿರುಗುವ ಭಾಗ ಇರಲೇಬೇಕು ಅಂತೇನಿಲ್ಲ. ಮತಯಂತ್ರದಲ್ಲಿ ಯಾವ ಚಕ್ರ ತಿರುಗುತ್ತದೆ ಹೇಳಿ! ಹಾಗಾಗಿ ‘ಯಾಂತ್ರಿಕ’ ಅಂದರೆ ‘ಎಲೆಕ್ಟ್ರಾನಿಕ್ ಅಲ್ಲದ್ದು’ ಅಂತ ಓದುಗರಿಗೆ ಹೊಳೆಯುವುದಿಲ್ಲ. ‘ತಿರುಗುತಟ್ಟೆಯ ಟಿ.ವಿ.’ ಅಂದರೆ ಹೇಗೆ? ಸ್ವಲ್ಪ ಆಟಿಕೆಯ ಹೆಸರಿನ ಹಾಗೆ ಕೇಳುತ್ತದೆ, ನಿಜ. ಆದರೆ ಒಳಗೆ ಏನಿದೆ ಅಂತ ಹೇಳುತ್ತದೆ. ‘ದೂರದರ್ಶನ’ವನ್ನು ಬಿಟ್ಟಿದ್ದು ಯಾಕೆಂದರೆ, ಮಕ್ಕಳಿಗೆ ಅದು ಸರ್ಕಾರಿ ಚಾನೆಲ್ಲಿನ ಹೆಸರು ಅಷ್ಟೇ.

ಹೆಸರಿನ ಬೆನ್ನು ಹತ್ತಿದಾಗ ಒಂದು ಮಜದ ಸಂಗತಿ ಸಿಕ್ಕಿತು. ಬರ್ಲಿನ್‌ನಲ್ಲಿ ಓದುತ್ತಿದ್ದ ಪಾಲ್ ನಿಪ್ಕೋ 1884ರಲ್ಲಿ ಈ ತೂತಿನ ತಟ್ಟೆಗೆ ಪೇಟೆಂಟ್ ಕೇಳಿದ. ಆಗಿನ್ನೂ ‘ಟೆಲಿವಿಷನ್’ ಅನ್ನುವ ಪದ ಬಳಕೆಗೆ ಬಂದಿರಲಿಲ್ಲ. ಅವನು ಇಟ್ಟ ಹೆಸರು ‘ವಿದ್ಯುತ್ ಟೆಲಿಸ್ಕೋಪ್’. ನಮ್ಮಲ್ಲಿ ಟೆಲಿಸ್ಕೋಪಿಗೆ ‘ದೂರದರ್ಶಕ’ ಅನ್ನುತ್ತೇವಲ್ಲ, ಅಲ್ಲಿಗೆ ಅದು ‘ವಿದ್ಯುತ್ ದೂರದರ್ಶಕ’ ಆಯಿತು. ಕೊನೆಯ ಅಕ್ಷರ ಒಂದು ಬದಲಾದರೆ ದೂರದರ್ಶನ! ಮಕ್ಕಳು ಇದನ್ನು ಅಚ್ಚಿನ ತಪ್ಪು ಅಂದುಕೊಳ್ಳುವುದು ಗ್ಯಾರಂಟಿ. ಅದಕ್ಕೇ ‘ಕರೆಂಟಿನ ದುರ್ಬೀನು’ ಅಂತ ಬರೆದಿದ್ದೇನೆ. ಪಾಪ, ನಿಪ್ಕೋ ಅದನ್ನು ಕಟ್ಟಲೇ ಇಲ್ಲ.

‘ಟೆಲಿವಿಷನ್’ ಪದವನ್ನು 1900ರಲ್ಲಿ ಪ್ಯಾರಿಸ್ಸಿನ ಒಂದು ಸಮ್ಮೇಳನದಲ್ಲಿ ಬಳಸಿದವನು ರಷ್ಯಾದ ಕಾನ್ಸ್ಟಂಟೀನ್ ಪೆರ್ಸ್ಕಿ. ಪದ ಅರ್ಧ ಗ್ರೀಕು, ಅರ್ಧ ಲ್ಯಾಟಿನ್. ಅಮೆರಿಕದ ಚಾರ್ಲ್ಸ್ ಫ್ರಾನ್ಸಿಸ್ ಜೆಂಕಿನ್ಸ್ ‘ರೇಡಿಯೋವಿಷನ್’ ಅಂದ. ಜರ್ಮನ್ನರು ತಮ್ಮದೇ ಪದಗಳಿಂದ ‘ಫೆರ್ನ್‌ಜೇಯೆನ್’ ಅಂದರು, ಅಂದರೆ ‘ದೂರ ನೋಡುವುದು’. ಸ್ಕಾಟ್ಲೆಂಡಿನ ಜಾನ್ ಲೋಗಿ ಬೇರ್ಡ್ ಪೆಟ್ಟಿಗೆಗೇ ಬೇರೆ ಹೆಸರಿಟ್ಟ: ‘ಟೆಲಿವೈಸರ್’. ನಾವು ಕೆಲಸಕ್ಕೂ ಪೆಟ್ಟಿಗೆಗೂ ಎರಡಕ್ಕೂ ಟಿ.ವಿ. ಅನ್ನುತ್ತೇವೆ, ಅಲ್ವಾ?

ಈಗ ನನ್ನ ನಿಜವಾದ ತಲೆನೋವು: ‘ಸ್ಕ್ಯಾನ್’. ನಮ್ಮ ಊರಲ್ಲಿ ಸ್ಕ್ಯಾನಿಂಗ್ ಅಂದರೆ ಬಸುರಿಯರಿಗೆ ಮಾಡಿಸುವುದು. ಇಲ್ಲಿ ಆಗುವುದೇ ಬೇರೆ. ತಟ್ಟೆಯ ಅಂಚಿನ ಹತ್ತಿರ ತೂತುಗಳು ಚಕ್ಕುಲಿಯ ಒಂದೇ ಒಂದು ಸುತ್ತಿನ ಹಾಗೆ ಒಳಗೆ ಸರಿಯುತ್ತಾ ಹೋಗುತ್ತವೆ. ತಟ್ಟೆ ತಿರುಗಿದಾಗ ಒಂದೊಂದು ತೂತೂ ಚಿತ್ರದ ಒಂದೊಂದು ಗೆರೆಯ ಮೇಲೆ ಹಾದುಹೋಗುತ್ತದೆ. ಆ ಗೆರೆಯ ಬೆಳಕು, ನೆರಳು ಕರೆಂಟಿನ ಏರಿಳಿತವಾಗುತ್ತದೆ. ಆ ಕಡೆ, ಚಿತ್ರ ನೋಡುವವರ ಬಳಿ, ಅಷ್ಟೇ ವೇಗದಲ್ಲಿ ತಿರುಗುವ ಇನ್ನೊಂದು ತಟ್ಟೆ. ಅದರ ಹಿಂದೆ ಆ ಏರಿಳಿತಕ್ಕೆ ತಕ್ಕಂತೆ ಮಿನುಗುವ ನಿಯಾನ್ ದೀಪ. ಬೇರ್ಡ್‌ನ ಟೆಲಿವೈಸರ್‌ನಲ್ಲಿ 30 ತೂತು, 30 ಗೆರೆ, ಸೆಕೆಂಡಿಗೆ ಹನ್ನೆರಡೂವರೆ ಚಿತ್ರ. ಅಂದರೆ ತಟ್ಟೆ ನಿಮಿಷಕ್ಕೆ 750 ಸುತ್ತು. ಚಿತ್ರವೋ ತೀರಾ ಪುಟ್ಟದು, ಕಿತ್ತಳೆ ಬಣ್ಣದ್ದು. ಭೂತಗನ್ನಡಿಯಲ್ಲಿ ನೋಡಬೇಕು.

‘ಉಳುವುದು’ ಅನ್ನೋಣ ಅಂದುಕೊಂಡೆ, ಸಾಲು ಸಾಲಾಗಿ ಆಗುತ್ತದಲ್ಲ. ಆದರೆ ನೇಗಿಲು ಬದುವಿನ ತನಕ ಹೋಗಿ ತಿರುಗಿ ಬರುತ್ತದೆ. ತೂತು ಹಾಗಲ್ಲ, ಪ್ರತಿ ಸಲ ಅದೇ ಬದಿಯಿಂದ ಶುರು. ‘ಬಾಚುವುದು’? ಬಾಚಣಿಗೆಯ ಹಲ್ಲುಗಳೆಲ್ಲ ಒಟ್ಟಿಗೇ ಇಳಿಯುತ್ತವೆ. ಇಲ್ಲಿ ಒಮ್ಮೆಗೆ ಒಂದೇ ಗೆರೆ. ‘ಸಾಲು’ ಅನ್ನುವುದಕ್ಕೂ ಹಿಂಜರಿಕೆ. ಸಾಲು ಅಂದರೆ ಕಣ್ಣಿಗೆ ಅಡ್ಡಡ್ಡ ಕಾಣುತ್ತದೆ, ಬೇರ್ಡ್‌ನ ಗೆರೆಗಳು ಉದ್ದುದ್ದ ನಿಂತಿದ್ದವು. ಅವನ ಚಿತ್ರವೂ ಬಾಗಿಲಿನ ಹಾಗೆ ಕಿರಿದು, ಎತ್ತರ. ಒಂದು ಮುಖ ಹಿಡಿಸಲು ಅಷ್ಟು ಸಾಕಿತ್ತು. 1925ರ ಅಕ್ಟೋಬರಿನಲ್ಲಿ ಅವನಿಗೆ ಮೊದಲು ಚೆನ್ನಾಗಿ ಕಂಡಿದ್ದು ಒಂದು ಮಾತಾಡುವ ಗೊಂಬೆಯ ತಲೆ. ಆಮೇಲೆ ಕೆಳಗಿನ ಆಫೀಸಿನ ಹುಡುಗ ವಿಲಿಯಂ ಟೇಂಟನ್‌ನನ್ನು ಕರೆದು ಕೂರಿಸಿದ.

ಸದ್ಯಕ್ಕೆ ನಾನು ಇಟ್ಟುಕೊಂಡಿರುವುದು ‘ಗೆರೆಗೆರೆಯಾಗಿ ಸವರು’. ‘ತೂತು ಚಿತ್ರವನ್ನು ಗೆರೆಗೆರೆಯಾಗಿ ಸವರುತ್ತದೆ.’ ಆದರೆ ಸವರುವುದು ಅಂದರೆ ಕೈಗೆ ಏನೋ ತಾಗಬೇಕು, ಅಥವಾ ಎಣ್ಣೆ ಹಚ್ಚಬೇಕು. ಬೆಳಕಿಗೆ ಒಪ್ಪುತ್ತದಾ? ‘ಓದು’ ಹೆಚ್ಚು ಹತ್ತಿರವೇನೋ. ಕಣ್ಣು ಒಂದು ಸಾಲು ಮುಗಿಸಿ ಮತ್ತೆ ಅದೇ ಅಂಚಿಗೆ ಬರುತ್ತದೆ, ತಟ್ಟೆಯ ಕೆಲಸವೂ ಹಾಗೇ. ಆದರೆ ಆ ಕಡೆಯ ತಟ್ಟೆಗೆ ಅದು ಹೊಂದುವುದಿಲ್ಲ, ಅದು ‘ಬರೆಯುತ್ತದೆ’ ಅನ್ನಬೇಕಾಗುತ್ತದೆ. ಈ ಕಡೆ ಓದುವ ತಟ್ಟೆ, ಆ ಕಡೆ ಬರೆಯುವ ತಟ್ಟೆ. ಎರಡಕ್ಕೂ ಒಂದೇ ಕ್ರಿಯಾಪದ ಹುಡುಕುವುದನ್ನು ಬಿಟ್ಟು ಹೀಗೆ ಎರಡು ಇಟ್ಟುಕೊಳ್ಳಲಾ? ನೇಯ್ಗೆ, ಕಸೂತಿ, ರಂಗೋಲಿಯ ಕಡೆ ಗೆರೆ ಬಿಟ್ಟು ಗೆರೆ ಹಿಡಿಯುವ ಕೆಲಸಕ್ಕೆ ನಿಮ್ಮ ಊರಲ್ಲಿ ಬೇರೆ ಮಾತಿದ್ದರೆ ತಿಳಿಸಿ. ಕರಡು ಮುಂದಿನ ವಾರ ಕೊಡಬೇಕು.