ನೈಟ್ ಡ್ಯೂಟಿ ಫಾರ್ವರ್ಡ್‌ಗೆ ನಮ್ಮ ನರ್ಸಿಂಗ್ ಬಳಗದಲ್ಲಿ ಎದ್ದ ಜಗಳ

ಗುಂಪು: ದಾವಣಗೆರೆ ನರ್ಸಿಂಗ್ ಬಳಗ

ಮಂಜುಳಾ (ಹರಿಹರ): *ಫಾರ್ವರ್ಡ್ ಮಾಡಿದ್ದು:* ಗರ್ಭಿಣಿ ನರ್ಸ್‌ಗಳೇ ಎಚ್ಚರ!! ನೈಟ್ ಡ್ಯೂಟಿ ಮಾಡಿದರೆ 100ಕ್ಕೆ 32 ಮಂದಿಗೆ ಗರ್ಭಪಾತ. ವಿದೇಶಿ ವಿಜ್ಞಾನಿಗಳಿಂದ ಸಾಬೀತು. ಗರ್ಭಿಣಿಗೆ ರಾತ್ರಿ ಪಾಳಿ ಹಾಕಿದರೆ ಆಸ್ಪತ್ರೆಯ ಲೈಸೆನ್ಸ್ ರದ್ದು. ಎಲ್ಲ ಗುಂಪಿಗೂ ಕಳಿಸಿ.

ಮಂಜುಳಾ (ಹರಿಹರ): ಸವಿತಾ, ನಿನಗೋಸ್ಕರ ಹಾಕಿದ್ದು. ನೈಟ್ ಮಾಡಲ್ಲ ಅಂತ ಇವತ್ತೇ ಹೇಳಿಬಿಡು.

ಸವಿತಾ: ಮಂಜು, ಇದನ್ನು ಗುಂಪಿನಲ್ಲಿ ಹಾಕೋದಾ? ನಿನಗೊಬ್ಬಳಿಗೇ ಹೇಳಿದ್ದೆನಲ್ಲೇ. ನಮ್ಮ ಅತ್ತೆಗೂ ಇನ್ನೂ ಗೊತ್ತಿಲ್ಲ.

ನಾಗರಾಜ (ಐಸಿಯು): ಅಭಿನಂದನೆ ಸವಿತಾ 🎉 ಇನ್ನು ಗುಟ್ಟು ಎಲ್ಲಿ ಬಂತು, 84 ಜನಕ್ಕೆ ಗೊತ್ತಾಯಿತು.

ಸವಿತಾ: ಹತ್ತನೇ ವಾರ. ಈ ವಾರ ಪೂರ್ತಿ ನೈಟ್ ಇದೆ. ಎರಡು ಮುಗಿದಿದೆ, ಇವತ್ತು ಮೂರನೆಯದು. ಈ ಮೆಸೇಜ್ ಓದಿ ಮಧ್ಯಾಹ್ನದ ನಿದ್ದೆಯೂ ಹೋಯಿತು.

ಸರೋಜಕ್ಕ: ಒಳ್ಳೇ ಸುದ್ದಿ ಕಣವ್ವ. ಇಂಥವೆಲ್ಲ ಓದಿ ಹೆದರಬೇಡ. ನಾನು ಒಂಬತ್ತು ತಿಂಗಳು ತುಂಬೋವರೆಗೂ ನೈಟ್ ಮಾಡಿದವಳು. ಬೆಳಿಗ್ಗೆ ಡ್ಯೂಟಿ ಮುಗಿಸಿ, ಬೆಣ್ಣೆ ದೋಸೆ ತಿಂದು, ಬಸ್ ಹತ್ತಿ ಮನೆಗೆ ಹೋಗಿ ಅಡುಗೆ ಮಾಡುತ್ತಿದ್ದೆ. ನನ್ನ ಮಗ ಗುಂಡುಕಲ್ಲಿನ ಹಾಗಿದ್ದಾನೆ.

ಶೋಭಾ: ಅಕ್ಕಾ, ನೀವು ಮಾಡಿದ್ದು ನಿಜ. ನಿಮ್ಮ ಜೊತೆ ನೈಟ್ ಮಾಡಿ ಮಗು ಕಳಕೊಂಡವರೂ ಇದ್ದಿರಬೇಕಲ್ವಾ? ಅವರು ಯಾರೂ ಗುಂಪಿಗೆ ಬಂದು ಹೇಳಲ್ಲ. ಮಗ ಗಟ್ಟಿಮುಟ್ಟಾಗಿರುವವರು ಮಾತ್ರ ಹೇಳುತ್ತಾರೆ.

ಸರೋಜಕ್ಕ: ಅದೂ ಹೌದು ಅನ್ನು.

ಶೋಭಾ: ಮಂಜುಳಾ, ನಿನ್ನ ಫಾರ್ವರ್ಡ್ ಕೂಡ ಸರಿ ಇಲ್ಲ. 2019ರಲ್ಲಿ ಡೆನ್ಮಾರ್ಕ್‌ನಲ್ಲಿ ಒಂದು ಅಧ್ಯಯನ ಬಂತು. 22,744 ಗರ್ಭಿಣಿ ಉದ್ಯೋಗಿಗಳ ಡ್ಯೂಟಿ ಲೆಕ್ಕ ತೆಗೆದು ನೋಡಿದ್ದರು. ಹೆಚ್ಚಿನವರು ಆಸ್ಪತ್ರೆಯವರೇ. ಒಂದು ವಾರದಲ್ಲಿ ಎರಡು ಅಥವಾ ಜಾಸ್ತಿ ನೈಟ್ ಮಾಡಿದವರಿಗೆ, ಅದರ ಮುಂದಿನ ವಾರ ಗರ್ಭಪಾತ ಆಗುವ ಸಾಧ್ಯತೆ ನೈಟ್ ಮಾಡದವರಿಗಿಂತ 32% ಜಾಸ್ತಿ ಕಂಡಿತು. ಅದೂ 8ನೇ ವಾರ ದಾಟಿದ ಮೇಲೆ. ಅದನ್ನೇ ಯಾರೋ 100ಕ್ಕೆ 32 ಮಂದಿ ಅಂತ ಮಾಡಿದ್ದಾರೆ. ಲೆಕ್ಕಕ್ಕೆ ಹೇಳುತ್ತೇನೆ, ನೈಟ್ ಮಾಡದ 100 ಜನರಲ್ಲಿ 6 ಮಂದಿಗೆ ಆಗುತ್ತದೆ ಅಂದುಕೊಂಡರೆ ನೈಟ್ ಮಾಡುವವರಲ್ಲಿ ಸುಮಾರು 8. ಸವಿತಾ, ಇದನ್ನು ಎರಡು ಸಲ ಓದು, ಆಮೇಲೆ ಮಲಗು.

ನಾಗರಾಜ (ಐಸಿಯು): ಆರಂಭದ ಗರ್ಭಪಾತದಲ್ಲಿ ಅರ್ಧದಷ್ಟು ಕ್ರೋಮೋಸೋಮ್ ತೊಂದರೆಯಿಂದ ಅಂತ ನಾವೇ ಓದಿದ್ದೇವಲ್ಲ. ಡ್ಯೂಟಿ ಮೇಲೆ ಯಾಕೆ ಹಾಕೋದು?

ಶೋಭಾ: ಅದಕ್ಕೇ 8ನೇ ವಾರದ ಮಾತು ಬಂದದ್ದು ಕಣೋ. ಕ್ರೋಮೋಸೋಮ್ ಕಾರಣಕ್ಕೆ ಹೋಗುವವು ಮೊದಲ ವಾರಗಳಲ್ಲೇ ಜಾಸ್ತಿ. ಆಮೇಲೆ ಬೇರೆ ಕಾರಣಗಳು ಕಣ್ಣಿಗೆ ಬೀಳುತ್ತವೆ. ರಾತ್ರಿಯೆಲ್ಲ ಟ್ಯೂಬ್‌ಲೈಟ್ ಕೆಳಗೆ ಕೂತರೆ ನಿದ್ದೆಗೆ ಬೇಕಾದ ಮೆಲಟೋನಿನ್ ಹಾರ್ಮೋನ್ ಕಡಿಮೆಯಾಗುತ್ತದೆ, ಅದು ಒಂದು ಕಾರಣ ಇರಬಹುದು ಅನ್ನುತ್ತಾರೆ. ನೈಟ್‌ನಿಂದಲೇ ಆಯಿತು ಅಂತ ಯಾರೂ ಸಾಬೀತು ಮಾಡಿಲ್ಲ. ಆದರೆ ಅವರು ನೋಡಿದ್ದು ವಾರಕ್ಕೆ ಎರಡು ಅಥವಾ ಜಾಸ್ತಿ ನೈಟ್. ನಮ್ಮಲ್ಲಿ ಏಳೂ ಒಟ್ಟಿಗೆ ಹಾಕುತ್ತಾರೆ, ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ.

ಮಂಜುಳಾ (ಹರಿಹರ): ನಂಬರ್ ತಪ್ಪಿರಬಹುದು, ಬಿಡು. ಕಾನೂನು ಇದೆಯಲ್ಲ?

ಶೋಭಾ: ಆ ಲೈಸೆನ್ಸ್ ರದ್ದು ಎಲ್ಲಾ ಸುಳ್ಳು. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಗರ್ಭಿಣಿಗೆ ನೈಟ್ ಹಾಕಬಾರದು ಅಂತ ಎಲ್ಲೂ ಬರೆದಿರಲಿಲ್ಲ. ಹೆರಿಗೆ ದಿನಕ್ಕೆ ಹಿಂದಿನ 6 ವಾರ, ಅದಕ್ಕೂ ಹಿಂದಿನ ಒಂದು ತಿಂಗಳು, ಈ ಅವಧಿಯಲ್ಲಿ ಕಷ್ಟದ ಕೆಲಸ, ತುಂಬಾ ಹೊತ್ತು ನಿಲ್ಲುವ ಕೆಲಸ ಕೊಡಬಾರದು ಅಂತ ಇತ್ತು. ಅದೂ ಅವಳು ಕೇಳಿಕೊಂಡರೆ ಮಾತ್ರ. 2020ರ ಸಾಮಾಜಿಕ ಭದ್ರತಾ ಸಂಹಿತೆಗೂ ಅದನ್ನೇ ತಂದಿದ್ದಾರೆ. ಅಂದರೆ ಕಾನೂನಿಗೆ ಎಚ್ಚರ ಆಗೋದು ಏಳು ತಿಂಗಳ ಹೊತ್ತಿಗೆ. ಅಧ್ಯಯನದಲ್ಲಿ ಅಪಾಯ ಕಂಡದ್ದು ಮೂರನೇ ತಿಂಗಳಿನಿಂದ. ಆ ಮೂರನೇ ತಿಂಗಳಲ್ಲಿ ನಾವು ಏನು ಮಾಡುತ್ತೇವೆ? ದೃಷ್ಟಿಯಾಗುತ್ತದೆ ಅಂತ ಯಾರಿಗೂ ಬಾಯಿ ಬಿಡಲ್ಲ. ವಾರ್ಡ್ ನೋಡಿಕೊಳ್ಳುವ ಇನ್‌ಚಾರ್ಜ್‌ಗೆ ಗೊತ್ತೇ ಇಲ್ಲದಿದ್ದರೆ ಅವಳು ಡ್ಯೂಟಿ ರೋಸ್ಟರ್ ಹೇಗೆ ಬದಲಿಸಬೇಕು?

ಸವಿತಾ: ಹೇಳಿದರೆ ಕೆಲಸ ಉಳಿಯುತ್ತಾ? ನಮ್ಮದು ಪ್ರೈವೇಟ್, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಹತ್ತಿರವೇ ಇದೆ. ನಿನ್ನೆ ರಾತ್ರಿ ವಾರ್ಡಿನಲ್ಲಿ ನಾನು ಮತ್ತು ಒಬ್ಬಳು ಹೊಸ ಹುಡುಗಿ, ಇಬ್ಬರೇ. ಜಗಳೂರು ಕಡೆಯ ಕೇಸ್ ಬರುವುದೇ 1 ಗಂಟೆ ಮೇಲೆ. ಒಬ್ಬರು ಪೇಷೆಂಟ್ ಅನ್ನು ಮಗ್ಗುಲಿಗೆ ತಿರುಗಿಸಿ ಹಿಡಿದುಕೊಂಡಿದ್ದೆ, ಅದೇ ಹೊತ್ತಿಗೆ ವಾಂತಿ ಒತ್ತರಿಸಿಕೊಂಡು ಬಂತು. ಕೈ ಬಿಡುವ ಹಾಗಿಲ್ಲ. ಹಲ್ಲು ಕಚ್ಚಿ ತಡೆದುಕೊಂಡೆ. ಪೋರ್ಟಬಲ್ ಎಕ್ಸ್‌ರೇಯವನು ಬಂದಾಗಲಾದರೂ ಹೊರಗೆ ಹೋಗಿ ನಿಂತೆ. ಹೊಸ ಹುಡುಗಿ "ಸಿಸ್ಟರ್, ಸುಸ್ತಾ?" ಅಂದಳು. ಗ್ಯಾಸ್ಟ್ರಿಕ್ ಅಂದೆ.

ಸರೋಜಕ್ಕ: ಯವ್ವಾ, ಎತ್ತುವ ಕೆಲಸ ಮಾತ್ರ ಬೇಡ ತಾಯಿ. ವಾರ್ಡ್ ಬಾಯ್‌ನ ಕರಿ.

ರೇಣುಕಾ (ಇನ್‌ಚಾರ್ಜ್): ನನ್ನ ಕಡೆಯದೂ ಸ್ವಲ್ಪ ಕೇಳಿ. ನನ್ನ ವಾರ್ಡಿಗೆ 9 ಜನ. ಒಬ್ಬಳು 26 ವಾರದ ಹೆರಿಗೆ ರಜೆಯಲ್ಲಿದ್ದಾಳೆ, ಬದಲಿಗೆ ಯಾರನ್ನೂ ಕೊಟ್ಟಿಲ್ಲ. ಇಬ್ಬರು ಗರ್ಭಿಣಿ. ಎಲ್ಲರಿಗೂ ನೈಟ್ ತೆಗೆದರೆ ರಾತ್ರಿ ಪೇಷೆಂಟ್‌ಗೆ ಡ್ರಿಪ್ ಬದಲಿಸೋದು ಯಾರು, ನಾನು ಮತ್ತು ವಾಚ್‌ಮನ್ನಾ?

ಕಾವೇರಿ: ಯಾರು ಅಂತ ಗೊತ್ತಿಲ್ವಾ ಸಿಸ್ಟರ್? ಮದುವೆ ಆಗದವರು. ಹಬ್ಬಕ್ಕೆ ನಾನು, ಮಕ್ಕಳಿಗೆ ಪರೀಕ್ಷೆ ಅಂದರೆ ನಾನು, ಬಸಿರು ಅಂದರೂ ನಾನು. ನನಗೆ ನಿದ್ದೆ ಬೇಡ್ವಾ? ಸವಿತಾ ಮೇಲೆ ಸಿಟ್ಟಿಲ್ಲ. ಆದರೆ "ಅವಳು ಫ್ರೀ ಇದ್ದಾಳೆ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ.

ನಾಗರಾಜ (ಐಸಿಯು): ಗಂಡು ನರ್ಸ್‌ಗಳಿಗೂ ಇದೇ ಗತಿ ಕಣಮ್ಮ.

ಶೋಭಾ: ಕಾವೇರಿ ಹೇಳೋದು ನ್ಯಾಯ. ಜನ ಕಡಿಮೆ ಇಟ್ಟು ನಮ್ಮನ್ನೇ ಕಿತ್ತಾಡಲು ಬಿಟ್ಟಿದ್ದಾರೆ, ನಾವೂ ಚೆನ್ನಾಗಿ ಕಿತ್ತಾಡುತ್ತೇವೆ. ರೇಣುಕಾ, ನೈಟ್ ಪೂರ್ತಿ ತೆಗಿ ಅಂತ ನಾನು ಹೇಳುತ್ತಿಲ್ಲ. ಏಳರ ಸಾಲು ಮುರಿ. ಗರ್ಭಿಣಿಗೆ ವಾರಕ್ಕೆ ಒಂದೇ ನೈಟ್ ಹಾಕು, ಉಳಿದದ್ದು ಬೆಳಿಗ್ಗೆ, ಮಧ್ಯಾಹ್ನದ ಪಾಳಿ. ಅವಳ ನೈಟ್ ಮಾಡಿದವರಿಗೆ ಕಾಂಪ್ ಆಫ್, ಅಂದರೆ ಬದಲಿ ರಜೆ, ಅದನ್ನು ಬರೆದು ಕೊಡು, ಬಾಯಿ ಮಾತಲ್ಲಿ ಬೇಡ.

ರೇಣುಕಾ (ಇನ್‌ಚಾರ್ಜ್): ವಾರಕ್ಕೆ ಒಂದು ಅಂದರೆ ಹೊಂದಿಸಬಹುದು. ಪೂರ್ತಿ ಬೇಡ ಅಂದರೆ ಮಾತ್ರ ಆಗಲ್ಲ. ಕಾಂಪ್ ಆಫ್ ಬಗ್ಗೆ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ಕೇಳಬೇಕು.

ಶೋಭಾ: ಸವಿತಾ, ನೀನು ಅರ್ಜಿ ಬರಿ. ಡಾಕ್ಟರ್ ಹತ್ತಿರ "ನಿರಂತರ ರಾತ್ರಿ ಪಾಳಿ ಮತ್ತು ಭಾರ ಎತ್ತುವುದು ಬೇಡ" ಅಂತ ಚೀಟಿ ತಗೊಂಡು ಜೊತೆಗಿಡು. ಎರಡು ಪ್ರತಿ ಮಾಡು, ನಿನ್ನ ಪ್ರತಿಗೆ ಅರ್ಜಿ ಬಂತು ಅನ್ನುವ ಇನ್‌ವರ್ಡ್ ಸೀಲ್ ಹಾಕಿಸಿಕೋ. ಸೀಲ್ ಇಲ್ಲದಿದ್ದರೆ ನೀನು ಕೊಟ್ಟೇ ಇಲ್ಲ ಅನ್ನುತ್ತಾರೆ. ಇನ್ನು ಕೆಲಸದ ವಿಷಯ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ರಜೆಯ ಸಂಬಳ ನಿನ್ನ ಹಕ್ಕು. ಬಸಿರಿ ಅಂತ ಮಧ್ಯದಲ್ಲಿ ತೆಗೆದುಹಾಕಿದರೂ ಆ ಹಕ್ಕು ಹೋಗಲ್ಲ.

ಸವಿತಾ: ಅರ್ಜಿ ಕೊಟ್ಟರೆ ಅತ್ತೆಗೂ ಹೇಳಲೇಬೇಕು. ಅವರ ಅಣ್ಣನ ಮಗಳು ಅಲ್ಲೇ ಲ್ಯಾಬ್‌ನಲ್ಲಿದ್ದಾಳೆ.

ಮಂಜುಳಾ (ಹರಿಹರ): ನಾನು ಹೇಳಲಾ?

ಸವಿತಾ: ನೀನು ಸುಮ್ನಿರು 🙏 ನಾಳೆ ಬೆಳಿಗ್ಗೆ ನಾನೇ ಹೇಳುತ್ತೇನೆ. ಆದರೆ ಇವತ್ತು ರಾತ್ರಿಗೆ ಏನು ಮಾಡಲಿ?

ಕಾವೇರಿ: ಇವತ್ತಿನದು ನಾನು ಬರುತ್ತೇನೆ. ನಾಳೆ ನನ್ನ ಮಧ್ಯಾಹ್ನದ ಡ್ಯೂಟಿ ನೀನು ಮಾಡು. ಭಾನುವಾರ ಮಾತ್ರ ಕೇಳಬೇಡ, ನೋಡಲು ಬರುತ್ತಿದ್ದಾರೆ.

ನಾಗರಾಜ (ಐಸಿಯು): ಏನು, ಗಂಡು ಬರ್ತಾ ಇದೆಯಾ? ಯಾವ ಊರು?

ಕಾವೇರಿ: ಹೊನ್ನಾಳಿ. ನೈಟ್ ಡ್ಯೂಟಿ ಬಿಡಬೇಕು ಅಂದರಂತೆ. ಅದು ಬೇರೆ ಜಗಳ, ಆಮೇಲೆ ಹೇಳುತ್ತೇನೆ.

ರೇಣುಕಾ (ಇನ್‌ಚಾರ್ಜ್): ಡ್ಯೂಟಿ ಬದಲಿಸಿಕೊಳ್ಳೋದಾದರೆ ಇಬ್ಬರೂ ರಿಜಿಸ್ಟರ್‌ನಲ್ಲಿ ಸಹಿ ಹಾಕಿ, 5 ಗಂಟೆಯೊಳಗೆ ನಿಮ್ಮ ಸೂಪರ್‌ವೈಸರ್‌ಗೆ ಫೋನ್ ಮಾಡಿ. ಆಮೇಲೆ ಮಾಡಿದರೆ ಅವರು ಎತ್ತಲ್ಲ, ನಾನಾದರೂ ಎತ್ತಲ್ಲ.